ತಪಾಸಣೆಗೆ ಬಂದವರನ್ನೇ ತಪಾಸಣೆ ಮಾಡಿ

ಹಾಸ್ಟೆಲಿನ ಗೆಳೆಯ ಗೆಳತಿಯರೇ,

'ನಾಳೆ ಸಾಹೇಬರು ಇನ್‌ಸ್ಪೆಕ್ಷನ್ನಿಗೆ ಬರ್ತಾರೆ' ಅಂದ ಕೂಡಲೇ ಏನೇನಾಗುತ್ತೆ ಅಂತ ನಿಮಗೆ ಬಿಡಿಸಿ ಹೇಳಬೇಕಾಗಿಲ್ಲ. ಬೀರುವಿನಲ್ಲಿ ಬೀಗ ಹಾಕಿಸಿಕೊಂಡು ಕೂತಿದ್ದ ಹೊಸ ಜಮಖಾನ ಹೊರಗೆ ಬರುತ್ತೆ. ಗೋಡೆ ಸುಣ್ಣ ಕಾಣುತ್ತೆ. ಸಾರು ಬೇಳೆ ಕಾಣುತ್ತೆ. ಊರಿಗೆ ಹೋದ ಹುಡುಗರ ಹೆಸರಿನ ಮುಂದೂ ಹಾಜರಿ ಬೀಳುತ್ತೆ. ಸಾಹೇಬರ ಜೀಪು ಬರುತ್ತೆ, ಅರ್ಧ ಗಂಟೆ ನಿಲ್ಲುತ್ತೆ, ಹೋಗುತ್ತೆ. ಪುಸ್ತಕದಲ್ಲಿ 'ತೃಪ್ತಿಕರ' ಅಂತ ಒಂದು ಮಾತು, ಅದರ ಕೆಳಗೊಂದು ಸಹಿ ಉಳಿಯುತ್ತೆ. ಮಾರನೇ ದಿನ ಜಮಖಾನ ಮತ್ತೆ ಬೀರು ಸೇರುತ್ತೆ.

ಎಲ್ಲ ಹಾಸ್ಟೆಲುಗಳೂ ಹೀಗೇ ಅಂತ ನಾವು ಹೇಳೋದಿಲ್ಲ. ಹುಡುಗರ ಜೊತೆ ನೆಲದ ಮೇಲೆ ಕೂತು ಉಣ್ಣುವ ವಾರ್ಡನ್ನರೂ ಇದ್ದಾರೆ. ಆದರೆ ನಮ್ಮ ಪ್ರಶ್ನೆ ವಾರ್ಡನ್ನಿನ ಒಳ್ಳೇತನ ಕೆಟ್ಟತನದ್ದಲ್ಲ. 'ತೃಪ್ತಿಕರ' ಅಂತ ಬರೆದರಲ್ಲ, ಆ ತೃಪ್ತಿ ಯಾರದು? ಉಂಡವರನ್ನು ಒಂದು ಮಾತೂ ಕೇಳದೆ ಊಟ ಚೆನ್ನಾಗಿದೆ ಅಂತ ಬರೆಯೋ ಅಧಿಕಾರ ಎಲ್ಲಿಂದ ಬಂತು?

ಹುಡುಗಿಯರ ಹಾಸ್ಟೆಲಿಗೆ ಹೋಗಿ ನೋಡಿ. ಅಲ್ಲಿಗೆ ಬರುವ ತಪಾಸಣೆಗೆ ಯಾರು ಎಷ್ಟು ಗಂಟೆಗೆ ಬಂದಳು, ಯಾರ ಕೈಯಲ್ಲಿ ಫೋನಿದೆ, ಯಾರ ಜೊತೆ ಮಾತಾಡಿದಳು ಅನ್ನೋದೇ ಮುಖ್ಯ. ಪಾಯಿಖಾನೆ ಬಾಗಿಲಿಗೆ ಚಿಲಕ ಇದೆಯೇ, ರಾತ್ರಿ ನೀರು ಬರುತ್ತದೆಯೇ, ಕಾಂಪೌಂಡು ಬಿದ್ದು ಎಷ್ಟು ದಿನ ಆಯಿತು, ಇದನ್ನು ಕೇಳುವವರು ಕಮ್ಮಿ. ಅಂದರೆ ಕಣ್ಣು ಇದೆ. ಆ ಕಣ್ಣು ಅಕ್ಕಿ ಬೇಳೆ ತಂದು ಸುರಿಯುವ ಕಂಟ್ರಾಕ್ಟರನ ಮೇಲೆ ಬೀಳದೆ ನಮ್ಮ ಅಕ್ಕತಂಗಿಯರ ಮೇಲೆ ಬೀಳುತ್ತಿದೆ.

ಸರ್ಕಾರದ ತಪಾಸಣೆ ಅಂದರೆ ಏನು, ಅದು ಯಾರಿಗಾಗಿ ಹುಟ್ಟಿತು, ಈಗ ಯಾರ ಕೈಯಲ್ಲಿದೆ? ಇದನ್ನು ನಾವು ತಿಳಿಯದೆ ಹೋದರೆ ಸಾಹೇಬರು ಬಂದಾಗಲೆಲ್ಲ ಎದ್ದು ನಿಂತು ನಮಸ್ಕಾರ ಹೇಳುವುದೇ ನಮ್ಮ ಪಾಲಿಗೆ ಉಳಿಯೋದು.

ಜಮಾಬಂದಿಯ ಕಣ್ಣು

ಈ ದೇಶದಲ್ಲಿ ಅಧಿಕಾರಿ ಹಳ್ಳಿಗೆ ಬಂದದ್ದು ಬಡವರ ಕಷ್ಟ ಕೇಳೋದಕ್ಕಲ್ಲ, ಕಂದಾಯಕ್ಕೆ. ಅಮಲ್ದಾರರು ಜಮಾಬಂದಿಗೆ ಬರ್ತಾರೆ ಅಂದರೆ ಎಷ್ಟು ಬೆಳೆ, ಎಷ್ಟು ಬಾಕಿ ಅಂತ ಲೆಕ್ಕ ನೋಡೋದಕ್ಕೆ. ಅವರು ಇಳಿದುಕೊಳ್ಳುತ್ತಿದ್ದದ್ದು ಮೇಲಿನ ಕೇರಿಯಲ್ಲಿ. ಉಣ್ಣುತ್ತಿದ್ದದ್ದು ಪಟೇಲ ಶಾನುಭೋಗರ ಮನೆಯಲ್ಲಿ. ಅವರ ಗಂಟುಮೂಟೆ ಹೊತ್ತು, ಕುದುರೆಗೆ ಹುಲ್ಲು ಹಾಕಿ, ಸೌದೆ ಒಡೆದು, ಮುಂದಿನ ಊರಿನವರೆಗೆ ದಾರಿ ತೋರಿಸಿ ಬಂದವರು ನಮ್ಮ ತಾತಂದಿರು. ತೋಟಿ, ತಳವಾರ, ಕುಳವಾಡಿ ಅಂತ ಹೆಸರು. ಚಾಕರಿ ಬಿಟ್ಟಿ.

ಊರಿನ ಗಡಿಕಲ್ಲು ಎಲ್ಲಿದೆ ಅಂತ ಕುಳವಾಡಿಗಿಂತ ಚೆನ್ನಾಗಿ ಬಲ್ಲವರು ಇರಲಿಲ್ಲ. ಎರಡು ಊರಿಗೆ ಗಡಿ ತಕರಾರು ಬಂದರೆ ಅವನ ಮಾತು ಕೇಳುತ್ತಿದ್ದರು. ಕಲ್ಲು ತೋರಿಸಿದವನು ಹೊಲೆಯ, ಲೆಕ್ಕ ಬರೆದವನು ಶಾನುಭೋಗ. ತೋರಿಸಿದವನಿಗೆ ಗಡಿಯೊಳಗೆ ನೆಲ ಸಿಕ್ಕಲಿಲ್ಲ, ಬರೆದವನಿಗೆ ಸಿಕ್ಕಿತು. ತಪಾಸಣೆಯ ಮೊದಲ ಪಾಠ ಇದೇ: ನೋಡಿದವನು ಯಾರು ಅನ್ನೋದಕ್ಕಿಂತ ಬರೆದವನು ಯಾರು ಅನ್ನೋದು ದೊಡ್ಡದು.

1928ರಲ್ಲಿ ಬಾಬಾಸಾಹೇಬ್ ಅಂಬೇಡ್ಕರರು ಮುಂಬಯಿ ಶಾಸನಸಭೆಯಲ್ಲಿ ವತನ್ ಕಾಯ್ದೆಯ ತಿದ್ದುಪಡಿಗೆ ಮಸೂದೆ ತಂದದ್ದು ಈ ಬಿಟ್ಟಿ ಚಾಕರಿಯ ಮೂಲಕ್ಕೆ ಕೈ ಹಾಕೋದಕ್ಕೆ. ನಮ್ಮ ರಾಜ್ಯದಲ್ಲಿ ಗ್ರಾಮಾಧಿಕಾರಗಳ ರದ್ದಿಯಾತಿ ಕಾಯ್ದೆ ಬಂದದ್ದು 1961ರಲ್ಲಿ. ಪಟೇಲಿಕೆ, ಶಾನುಭೋಗಿಕೆ ಕಾಗದದ ಮೇಲೆ ಹೋಯಿತು. ಅಧಿಕಾರಿ ಬಂದು ಇಳಿಯುವ ಮನೆ ಬದಲಾಯಿತೇ? ಇವತ್ತೂ ಕೇರಿಯಲ್ಲಿ ಗಲಾಟೆಯಾದರೆ ಮಹಜರು ಬರೆಯೋದು ಎಲ್ಲಿ ಕೂತು? ಪಂಚರಾಗಿ ಸಹಿ ಹಾಕೋರು ಯಾರ ಆಳುಗಳು? ನಿಮ್ಮ ನಿಮ್ಮ ಊರಿಗೆ ಹೋದಾಗ ಕೇಳಿ ನೋಡಿ.

ಚಾಲೀಸ್‌ಗಾಂವಿನ ಟಾಂಗಾ

ತಪಾಸಣೆ ಮಾಡುವವನೇ ನಮ್ಮವನಾದರೆ ಎಲ್ಲ ಸರಿಹೋಗುತ್ತೆ ಅಂತ ನಂಬುವ ಗೆಳೆಯರು ಒಂದು ಸಂಗತಿ ತಿಳಿಯಬೇಕು.

1928ರಲ್ಲಿ ಮುಂಬಯಿ ಸರ್ಕಾರ ಅಸ್ಪೃಶ್ಯರ ಮತ್ತು ಬುಡಕಟ್ಟಿನವರ ಸ್ಥಿತಿ ವಿಚಾರಿಸೋದಕ್ಕೆ ಒಂದು ಸಮಿತಿ ನೇಮಿಸಿತು. ಸ್ಟಾರ್ಟ್ ಎಂಬ ಅಧಿಕಾರಿ ಅದರ ಅಧ್ಯಕ್ಷ. ನಮ್ಮ ಬೆಳಗಾವಿ, ಧಾರವಾಡ, ವಿಜಾಪುರಗಳೂ ಆಗ ಆ ಪ್ರಾಂತ್ಯದಲ್ಲೇ ಇದ್ದವು. ಅಂಬೇಡ್ಕರರು ಸಮಿತಿಯ ಸದಸ್ಯರು. 1929ರಲ್ಲಿ ಖಾನ್‌ದೇಶ ಜಿಲ್ಲೆಗಳ ವಿಚಾರಣೆ ಮುಗಿಸಿ, ಒಂದು ಹಳ್ಳಿಯಲ್ಲಿ ಸವರ್ಣೀಯರು ನಮ್ಮವರಿಗೆ ಹಾಕಿದ್ದ ಬಹಿಷ್ಕಾರದ ತನಿಖೆಗೆ ಹೋಗಿ, ಚಾಲೀಸ್‌ಗಾಂವಿಗೆ ವಾಪಸಾದರು. ಅಲ್ಲಿನ ಮಹಾರರು ಒಂದು ರಾತ್ರಿ ನಮ್ಮಲ್ಲಿ ಉಳಿಯಿರಿ ಅಂತ ಕೇಳಿಕೊಂಡರು. ಸ್ಟೇಷನ್ನಿನಿಂದ ಅವರ ಕೇರಿಗೆ ಟಾಂಗಾ ಬೇಕು. ಟಾಂಗಾ ಹೊಡೆಯುವವನು ಅಸ್ಪೃಶ್ಯನನ್ನು ಕೂರಿಸಿಕೊಂಡು ಹೊಡೆಯೋದು ತನ್ನ ಮರ್ಯಾದೆಗೆ ಕಮ್ಮಿ ಅಂದ. ಗಾಡಿ ಬೇಕಾದರೆ ಬಾಡಿಗೆಗೆ ಕೊಡ್ತೀನಿ, ಹೊಡೆಯೋದಿಲ್ಲ ಅಂದ. ಟಾಂಗಾ ಹೊಡೆದು ಅಭ್ಯಾಸವಿಲ್ಲದ ನಮ್ಮವನೊಬ್ಬ ಹಗ್ಗ ಹಿಡಿದ. ಮೋರಿಯ ಹತ್ತಿರ ಚಕ್ರ ಸಿಕ್ಕಿಕೊಂಡು ಅಂಬೇಡ್ಕರರು ಕಲ್ಲುಹಾಸಿನ ಮೇಲೆ ಬಿದ್ದರು. ಕಾಲು ಮುರಿಯಿತು.

ನೋಡಿ ಗೆಳೆಯರೇ. ಅವರು ವಿದೇಶದಲ್ಲಿ ಡಾಕ್ಟರೇಟು ಪಡೆದ ಬ್ಯಾರಿಸ್ಟರು. ಶಾಸನಸಭೆಯ ಸದಸ್ಯರು. ಸರ್ಕಾರ ಕಳಿಸಿದ ತನಿಖಾ ಸಮಿತಿಯವರು. ಆದರೂ ಟಾಂಗಾದವನ ಕಣ್ಣಿಗೆ ಅವರು ಕಂಡದ್ದು ಜಾತಿಯಿಂದ. ತನಿಖೆಗೆ ಹೋದವರನ್ನು ಜಾತಿ ತನಿಖೆ ಮಾಡಿ ಕಳಿಸಿತು.

ಆ ಸಮಿತಿ 1930ರಲ್ಲಿ ವರದಿ ಕೊಟ್ಟಿತು. ಕೆರೆ, ಬಾವಿ, ಶಾಲೆ ಎಲ್ಲವೂ ಎಲ್ಲರಿಗೂ ಸಿಗಬೇಕು ಅಂತ ದಾರಿಗಳನ್ನು ಸೂಚಿಸಿತು. ಸೂಚಿಸಿ, ಈ ಹಕ್ಕು ಚಲಾಯಿಸೋದು ಬಹಳ ಕಾಲ ಕಷ್ಟವೇ ಅಂತ ಅದೇ ಒಪ್ಪಿಕೊಂಡಿತು. ಕಾರಣ ಎರಡು ಕೊಟ್ಟಿತು. ಒಂದು, ಮೇಲಿನವರು ಬಹಿರಂಗವಾಗಿ ಹೊಡೆಯುತ್ತಾರೆ ಎಂಬ ಭಯ. ಇನ್ನೊಂದು, ನಮ್ಮವರ ಅನ್ನ ಅವರ ಹೊಲದಲ್ಲಿದೆ, ದೂರು ಕೊಟ್ಟರೆ ಕೂಲಿ ನಿಲ್ಲುತ್ತೆ, ಗೇಣಿ ಭೂಮಿ ಹೋಗುತ್ತೆ. ಇಷ್ಟು ವರ್ಷ ಕಳೆದರೂ ಯಾವ ತನಿಖೆಯೂ ಈ ಎರಡು ಕಾರಣವನ್ನು ದಾಟಿ ಮುಂದೆ ಹೋಗಿಲ್ಲ. ಹೊಲವಿಲ್ಲದವನ ಹೇಳಿಕೆ ಸಂಜೆಗೇ ಬದಲಾಗುತ್ತೆ. ಅದು ಅವನ ಸುಳ್ಳಲ್ಲ, ಅವನ ಹಸಿವು.

ವರದಿಗಳ ಗೋದಾಮು

ಸಂವಿಧಾನದ 338ನೇ ವಿಧಿ ನಮಗಾಗಿ ಒಬ್ಬ ವಿಶೇಷಾಧಿಕಾರಿಯನ್ನು ಕೊಟ್ಟಿತು. ಆಯುಕ್ತ ಅಂತ ಕರೆದರು. 1978ರಲ್ಲಿ ಸರ್ಕಾರದ ಆದೇಶದಿಂದ ಹಲವು ಸದಸ್ಯರ ಆಯೋಗ ಬಂತು. 1990ರ 65ನೇ ತಿದ್ದುಪಡಿಯಿಂದ ಅದಕ್ಕೆ ಸಂವಿಧಾನದ ಸ್ಥಾನ ಬಂತು. 2003ರ 89ನೇ ತಿದ್ದುಪಡಿಯಿಂದ ಪರಿಶಿಷ್ಟ ಜಾತಿಗೆ ಒಂದು, ಪರಿಶಿಷ್ಟ ಪಂಗಡಕ್ಕೆ ಒಂದು ಆಯಿತು. ಆಯೋಗ ತನಿಖೆ ನಡೆಸುವಾಗ ಸಿವಿಲ್ ಕೋರ್ಟಿನ ಹಾಗೆ ಯಾರನ್ನಾದರೂ ಕರೆಸಬಹುದು, ಪ್ರಮಾಣ ಮಾಡಿಸಬಹುದು, ಕಾಗದ ತರಿಸಬಹುದು. ಇಷ್ಟೆಲ್ಲ ಮಾಡಿ ಕೊನೆಗೆ ಏನು ಮಾಡಬಹುದು? ಶಿಫಾರಸು ಮಾಡಬಹುದು. ಶಿಕ್ಷೆ ಅದರ ಕೈಯಲ್ಲಿಲ್ಲ. ಅದರ ವರದಿಯನ್ನು ಪಾರ್ಲಿಮೆಂಟಿನ ಮುಂದೆ ಇಡಬೇಕು, ಯಾವ ಶಿಫಾರಸು ಯಾಕೆ ಒಪ್ಪಲಿಲ್ಲ ಅಂತ ಸರ್ಕಾರ ಕಾರಣ ಹೇಳಬೇಕು. ಬರವಣಿಗೆ ಚೆನ್ನಾಗಿದೆ. ಎಷ್ಟು ದಿನದೊಳಗೆ ಇಡಬೇಕು ಅನ್ನೋ ಗಡುವು ಮಾತ್ರ ಅಲ್ಲಿಲ್ಲ.

ನಿಷ್ಠುರವಾಗಿ ಬರೆದವರು ಇರಲಿಲ್ಲ ಅಂತಲ್ಲ. 1986ರಿಂದ 1991ರವರೆಗೆ ಆಯುಕ್ತರಾಗಿದ್ದ ಬಿ.ಡಿ. ಶರ್ಮಾ ಅವರ ವರದಿಗಳು ಸರ್ಕಾರದ ಮುಖಕ್ಕೇ ಸತ್ಯ ಹೇಳಿದವು. ಸಂವಿಧಾನದ ಭರವಸೆಯನ್ನು ಯಾರು ಹೇಗೆ ಮುರಿದರು ಅಂತ ಬರೆದರು. ಆ ಹುದ್ದೆಗೆ ಅವರೇ ಕೊನೆಯವರಾದರು. ಒಬ್ಬ ಪ್ರಾಮಾಣಿಕನ ಮೇಲೆ ನಿಂತ ತಪಾಸಣೆ ಅವನು ಎದ್ದು ಹೋದ ದಿನ ಮುಗಿಯುತ್ತೆ.

ದೆಹಲಿ ದೂರ ಅನ್ನಬಹುದು. ಜಿಲ್ಲೆಗೇ ಬನ್ನಿ. 1976ರ ಜೀತ ನಿರ್ಮೂಲನ ಕಾಯ್ದೆ ಪ್ರತಿ ಜಿಲ್ಲೆಗೂ ಪ್ರತಿ ಉಪವಿಭಾಗಕ್ಕೂ ಜಾಗೃತಿ ಸಮಿತಿ ಇರಬೇಕು ಅಂತ ಹೇಳಿತು. 1989ರ ದೌರ್ಜನ್ಯ ತಡೆ ಕಾಯ್ದೆ, ಅದರ 1995ರ ನಿಯಮಗಳು ಇನ್ನೂ ಮುಂದೆ ಹೋದವು. 6ನೇ ನಿಯಮ: ದೌರ್ಜನ್ಯದ ಸುದ್ದಿ ಬಂದರೆ ಅಧಿಕಾರಿ ತಾನೇ ಸ್ಥಳಕ್ಕೆ ಹೋಗಿ ನೋಡಬೇಕು. 16ನೇ ನಿಯಮ: ಮುಖ್ಯಮಂತ್ರಿಯ ಅಧ್ಯಕ್ಷತೆಯಲ್ಲಿ ರಾಜ್ಯದ ಜಾಗೃತಿ ಮತ್ತು ಉಸ್ತುವಾರಿ ಸಮಿತಿ, ವರ್ಷಕ್ಕೆ ಎರಡು ಸಲವಾದರೂ ಸಭೆ. 17ನೇ ನಿಯಮ: ಜಿಲ್ಲಾಧಿಕಾರಿಯ ಅಧ್ಯಕ್ಷತೆಯಲ್ಲಿ ಜಿಲ್ಲಾ ಸಮಿತಿ, ಮೂರು ತಿಂಗಳಿಗೆ ಒಂದು ಸಲವಾದರೂ ಸಭೆ. ಅದರಲ್ಲಿ ನಮ್ಮ ಜಾತಿಗಳ ಐದು ಜನ ಅಧಿಕಾರೇತರ ಸದಸ್ಯರವರೆಗೆ ಇರಬಹುದು.

ನಿಮ್ಮ ಜಿಲ್ಲೆಯಲ್ಲಿ ಆ ಐವರು ಯಾರು? ಹೆಸರು ಗೊತ್ತೇ? ಕಳೆದ ಸಭೆ ಯಾವಾಗ ನಡೆಯಿತು? ಗೊತ್ತಿಲ್ಲದಿದ್ದರೆ ನಿಮ್ಮ ಪಾಲಿಗೆ ಆ ಸಮಿತಿ ಇಲ್ಲ.

ಕಂಬಾಲಪಲ್ಲಿ ಕೇಳುವ ಪ್ರಶ್ನೆ

11 ಮಾರ್ಚ್ 2000. ಆಗಿನ ಕೋಲಾರ ಜಿಲ್ಲೆಯ ಚಿಂತಾಮಣಿ ತಾಲ್ಲೂಕು, ಕಂಬಾಲಪಲ್ಲಿ. ಏಳು ಜನ ದಲಿತರನ್ನು ಜೀವಂತ ಸುಟ್ಟರು. ಆ ದಿನಕ್ಕೆ ಕಾಯ್ದೆ ಬಂದು ಹತ್ತು ವರ್ಷ ಕಳೆದಿತ್ತು. ನಿಯಮ ಬಂದು ಐದು ವರ್ಷ ಆಗುತ್ತಿತ್ತು. ಕಾಗದದ ಮೇಲೆ ಉಸ್ತುವಾರಿ ಸಮಿತಿ ಇತ್ತು. ಬೆಂಕಿ ಬಿದ್ದ ಮೇಲೆ ಕಾರುಗಳು ಬಂದವು, ಮಂತ್ರಿಗಳು ಬಂದರು, ತನಿಖೆ ನಡೆಯಿತು, ಕೇಸು ನಡೆಯಿತು. ಸಾಕ್ಷಿಗಳು ತಿರುಗಿಬಿದ್ದರು. 2006ರಲ್ಲಿ ಕೋರ್ಟು ಆರೋಪಿಗಳನ್ನು ಬಿಡುಗಡೆ ಮಾಡಿತು. 2014ರಲ್ಲಿ ಹೈಕೋರ್ಟು ಆ ತೀರ್ಪನ್ನೇ ಎತ್ತಿ ಹಿಡಿಯಿತು.

ಏಳು ಹೆಣ ಇವೆ, ಸುಟ್ಟವರು ಯಾರೂ ಇಲ್ಲ.

ಸಾಕ್ಷಿ ತಿರುಗಿಬಿದ್ದರು ಅಂತ ಪೇಪರಿನವರು ಸುಲಭವಾಗಿ ಬರೆದರು. ಸಾಕ್ಷಿ ಹೇಳಬೇಕಾದವನು ಕೋರ್ಟಿನಿಂದ ಹೊರಟು ಸಂಜೆ ಬಸ್ಸಿಳಿಯುವುದು ಅದೇ ಊರಿನಲ್ಲಿ. ಅವನ ಜೊತೆ ಯಾವ ಸಮಿತಿ ಬಸ್ಸು ಇಳಿಯಿತು? ಅವನ ಮಗಳು ನೀರಿಗೆ ಹೋಗುವಾಗ ಯಾವ ಉಸ್ತುವಾರಿ ಜೊತೆಗಿತ್ತು? ಸಂತ್ರಸ್ತರ ಮತ್ತು ಸಾಕ್ಷಿಗಳ ಹಕ್ಕುಗಳು ಅಂತ ಒಂದು ಅಧ್ಯಾಯವೇ ಆ ಕಾಯ್ದೆಗೆ ಸೇರಿದ್ದು 2015ರ ತಿದ್ದುಪಡಿಯಲ್ಲಿ. ಜಾರಿಗೆ ಬಂದದ್ದು ಜನವರಿ 2016ರಲ್ಲಿ. ಕಂಬಾಲಪಲ್ಲಿಯ ಬೂದಿ ಆರಿ ಹದಿನೈದು ವರ್ಷ ದಾಟಿತ್ತು.

ಸಾಕ್ಷಿ ನಿಂತರೆ ಏನಾಗುತ್ತೆ ಅಂತಲೂ ನೋಡಿ. ಕೊಪ್ಪಳ ಜಿಲ್ಲೆಯ ಮರಕುಂಬಿಯಲ್ಲಿ 2014ರಲ್ಲಿ ನಮ್ಮವರ ಗುಡಿಸಲಿಗೆ ಬೆಂಕಿ ಬಿತ್ತು. ಹತ್ತು ವರ್ಷ ಕೇಸು ಎಳೆದರೂ ಬಿಡಲಿಲ್ಲ. ಅಕ್ಟೋಬರ್ 2024ರಲ್ಲಿ ಕೊಪ್ಪಳದ ನ್ಯಾಯಾಲಯ 98 ಜನರಿಗೆ ಜೀವಾವಧಿ ಶಿಕ್ಷೆ ಕೊಟ್ಟಿತು. ಅದರ ಮೇಲೆ ಅಪೀಲು ಹೋಯಿತು, ಅದು ಬೇರೆ ಮಾತು. ಕಾಯ್ದೆಗೆ ಹಲ್ಲಿದೆ ಅಂತ ಆ ದಿನ ನಾಡಿಗೆ ಕಂಡಿತು. ಹಲ್ಲು ಕಚ್ಚಬೇಕಾದರೆ ಸಾಕ್ಷಿಯ ಹಿಂದೆ ಜನ ನಿಲ್ಲಬೇಕು.

ಸೊನ್ನೆ ಎಂಬ ಉತ್ತರ

ತಪಾಸಣೆ ಹೇಗೆ ಸುಳ್ಳಾಗುತ್ತೆ ಅಂತ ತಿಳಿಯಬೇಕಾದರೆ ಮಲ ಹೊರುವವರ ಲೆಕ್ಕ ನೋಡಬೇಕು.

ನಮ್ಮ ನಾಡಿನಲ್ಲಿ 1970ರ ದಶಕದಲ್ಲೇ ಮಂತ್ರಿಯಾಗಿದ್ದ ಬಿ. ಬಸವಲಿಂಗಪ್ಪನವರು ತಲೆ ಮೇಲೆ ಮಲ ಹೊರೋದನ್ನು ನಿಷೇಧಿಸಿದರು. ದೇಶಕ್ಕೆ ಕಾಯ್ದೆ ಬಂದದ್ದು 1993ರಲ್ಲಿ. ಅದು ಸಾಲದು ಅಂತ ಇನ್ನೊಂದು ಬಂದದ್ದು 2013ರಲ್ಲಿ. ಎರಡರಲ್ಲೂ ಇನ್‌ಸ್ಪೆಕ್ಟರುಗಳು ಇದ್ದಾರೆ, ಸಮಿತಿಗಳಿವೆ. ಸಫಾಯಿ ಕರ್ಮಚಾರಿ ಆಂದೋಲನದವರು 2003ರಲ್ಲಿ ಸುಪ್ರೀಂ ಕೋರ್ಟಿಗೆ ಹೋದಾಗ ಹಲವು ರಾಜ್ಯ ಸರ್ಕಾರಗಳು ನಮ್ಮಲ್ಲಿ ಇಂಥದ್ದು ಇಲ್ಲವೇ ಇಲ್ಲ ಅಂದವು. ಸರ್ಕಾರದ್ದೇ 2011ರ ಜನಗಣತಿ ಮನೆ ಮನೆ ಎಣಿಸಿದಾಗ, ಮನುಷ್ಯರೇ ಮಲ ಎತ್ತುವ ಪಾಯಿಖಾನೆಗಳು 7 ಲಕ್ಷ 94 ಸಾವಿರಕ್ಕೂ ಹೆಚ್ಚು ಸಿಕ್ಕವು. ಇನ್‌ಸ್ಪೆಕ್ಟರನಿಗೆ ಕಾಣದ್ದು ಜನಗಣತಿಯ ಮೇಷ್ಟರಿಗೆ ಹೇಗೆ ಕಂಡಿತು? ಮೇಷ್ಟರು 'ಇದೆ' ಅಂತ ಬರೆದರೆ ಅವರ ಕೆಲಸಕ್ಕೆ ಕುತ್ತಿಲ್ಲ. ಇನ್‌ಸ್ಪೆಕ್ಟರ್ 'ಇದೆ' ಅಂತ ಬರೆದರೆ ತನ್ನ ಇಲಾಖೆಯದೇ ಅಪರಾಧ ಬರೆದ ಹಾಗೆ. ತನ್ನ ತಪ್ಪನ್ನು ತಾನೇ ಹುಡುಕು ಅಂದರೆ ಯಾರಿಗೂ ಕಣ್ಣು ಕಾಣೋದಿಲ್ಲ.

2021ರಲ್ಲಿ ಪಾರ್ಲಿಮೆಂಟಿನಲ್ಲಿ ಕೇಂದ್ರ ಸರ್ಕಾರ ಕೊಟ್ಟ ಉತ್ತರ ಓದಿ. ಮಲ ಹೊರುವ ಕೆಲಸದಿಂದ ಸತ್ತವರು ಯಾರೂ ವರದಿಯಾಗಿಲ್ಲ. ಒಳಚರಂಡಿ ಮತ್ತು ಸೆಪ್ಟಿಕ್ ಟ್ಯಾಂಕಿನ ಅಪಾಯಕರ ಸ್ವಚ್ಛತೆಯಲ್ಲಿ ಸತ್ತವರು 941. ಹೆಣ ಅದೇ, ಗುಂಡಿ ಅದೇ, ಜಾತಿ ಅದೇ. ಕಾಲಂ ಬೇರೆ! ಸತ್ತವರ ಮನೆಯವರಿಗೆ 10 ಲಕ್ಷ ಕೊಡಿ ಅಂತ ಸುಪ್ರೀಂ ಕೋರ್ಟು 2014ರಲ್ಲಿ ಹೇಳಿತು. 2023ರಲ್ಲಿ 30 ಲಕ್ಷ ಅಂದಿತು. ಹೆಣದ ಪರಿಹಾರ ಏರಿತು. ಮ್ಯಾನ್‌ಹೋಲಿಗೆ ಮನುಷ್ಯನನ್ನು ಇಳಿಸೋದು ನಿಲ್ಲಲಿಲ್ಲ.

2010ರ ಜುಲೈನಲ್ಲಿ ಹಾವೇರಿ ಜಿಲ್ಲೆಯ ಸವಣೂರಿನಲ್ಲಿ ಭಂಗಿ ಸಮುದಾಯದವರು ಪುರಸಭೆಯ ಮುಂದೆ ನಿಂತು ಮೈಮೇಲೆ ಮಲ ಸುರಿದುಕೊಂಡರು. ಇದ್ದ ಜಾಗದಿಂದ ಎಬ್ಬಿಸುತ್ತಾರೆ ಅಂತ ಅವರ ಕೂಗು. ಅವರು ಪುರಸಭೆಗೆ ಅಪರಿಚಿತರಲ್ಲ, ಆ ಊರಿನ ಹೊಲಸು ಎತ್ತಿದವರು. ಅಷ್ಟು ವರ್ಷ ಕಾಣದವರು ಆ ದಿನ ನಾಡಿಗೆ ಕಂಡರು. ಕಾಣಿಸಿಕೊಳ್ಳೋದಕ್ಕೆ ಹೇಲು ಮೈಗೆ ಬಳಿದುಕೊಳ್ಳಬೇಕಾದರೆ, ಆ ಊರಿಗೆ ಅಷ್ಟು ದಿನ ಬಂದುಹೋದ ತಪಾಸಣೆಯವರು ಏನನ್ನು ನೋಡಿದರು?

ಹಾಗಾದರೆ ಇದೆಲ್ಲ ಬೇಡವೇ?

ನಮ್ಮಲ್ಲೇ ಕೆಲವು ಗೆಳೆಯರು ಹೇಳ್ತಾರೆ: 'ಇದೆಲ್ಲ ನಾಟಕ ಕಣಯ್ಯ. ಕಮಿಷನ್ನು, ಕಮಿಟಿ ಎಲ್ಲ ಬೂಟಾಟಿಕೆ. ಬಹಿಷ್ಕಾರ ಹಾಕೋಣ.' ಸಿಟ್ಟು ನ್ಯಾಯವಾದದ್ದು, ತೀರ್ಮಾನ ತಪ್ಪು. ಈ ಕಾಯ್ದೆ, ಈ ಸಮಿತಿಗಳನ್ನು ಯಾರೂ ದಾನ ಕೊಟ್ಟಿಲ್ಲ. ಹೆಣ ಬಿದ್ದು, ಮೆರವಣಿಗೆ ನಡೆದು, ಲಾಠಿ ತಿಂದು ಪಡೆದದ್ದು. ನಾವು ಬಿಟ್ಟು ಎದ್ದರೆ ಆ ಕುರ್ಚಿ ಖಾಲಿ ಉಳಿಯೋದಿಲ್ಲ. ಗೌಡರ ಮನೆಯ ನಂಬಿಕಸ್ಥನೊಬ್ಬ ನಮ್ಮ ಜಾತಿ ಸರ್ಟಿಫಿಕೇಟು ಹಿಡಿದು ಬಂದು ಕೂರುತ್ತಾನೆ.

ಇನ್ನು ಕೆಲವರು ಹೇಳ್ತಾರೆ: 'ದೂರು ಕೊಟ್ಟಾಗಿದೆ, ಫೈಲು ಮೇಲೆ ಹೋಗಿದೆ, ಸಾಹೇಬರು ನೋಡ್ಕೋತಾರೆ.' ಇದು ಇನ್ನೂ ದೊಡ್ಡ ತಪ್ಪು. ಫೈಲು ಮೇಲೆ ಹೋಗೋದೇ ರೋಗ. ತಪಾಸಣೆಯ ವರದಿ ಕೆಳಗೆ ಬರಬೇಕು. ಯಾರ ಕಷ್ಟ ನೋಡೋದಕ್ಕೆ ಬಂದರೋ ಅವರ ಕೈಗೆ ಬರಬೇಕು. ಬರದಿದ್ದರೆ ಅದು ಇಲಾಖೆ ತನಗೆ ತಾನೇ ಬರೆದುಕೊಂಡ ಕಾಗದ.

ನಿಜವಾದ ತಪಾಸಣೆಗೆ ನಾಲ್ಕು ಗುರುತು. ಹೇಳದೆ ಬರಬೇಕು. ನೊಂದವರ ಜೊತೆ, ಅವರ ಮೇಲಿನವರು ಇಲ್ಲದ ಕಡೆ ಮಾತಾಡಬೇಕು. ಬರೆದದ್ದನ್ನು ಅವರಿಗೆ ಓದಿ ಹೇಳಬೇಕು. ಮುಂದಿನ ಸಲ ಬಂದಾಗ ಹಿಂದೆ ಬರೆದದ್ದು ಏನಾಯಿತು ಅಂತ ಲೆಕ್ಕ ಕೊಡಬೇಕು. ಈ ನಾಲ್ಕೂ ಇಲ್ಲದೆ ಬಂದವರು ಅತಿಥಿಗಳು. ಕಾಫಿ ಕೊಟ್ಟು ಕಳಿಸಿ.

ನಾವು ಮಾಡಬೇಕಾದ್ದು

ಓದಿದ ಗೆಳೆಯರೇ, ಬರೆಯುವ ಕೈ ಈಗ ನಮಗೂ ಇದೆ. ನಮ್ಮ ತಾತನ ಹಾಗೆ ಕಲ್ಲು ತೋರಿಸಿ ಸುಮ್ಮನಾಗುವ ಕಾಲ ಮುಗಿಯಿತು.

2005ರ ಮಾಹಿತಿ ಹಕ್ಕು ಕಾಯ್ದೆಯನ್ನು ಬಿಚ್ಚಿ ಅದರ ಎರಡನೇ ಸೆಕ್ಷನ್ನು ಓದಿ. ಕಾಗದದ ನಕಲು ಪಡೆಯೋದು ಮಾತ್ರ ಹಕ್ಕಲ್ಲ. ಕಾಮಗಾರಿಯನ್ನು, ದಾಖಲೆಯನ್ನು ಖುದ್ದು ಪರಿಶೀಲಿಸೋದು, ಸಾಮಗ್ರಿಯ ಮಾದರಿ ತೆಗೆದುಕೊಳ್ಳೋದೂ ಹಕ್ಕು ಅಂತ ಅಲ್ಲಿ ಬರೆದಿದೆ. ಅಂದರೆ ಹತ್ತು ರೂಪಾಯಿ ಅರ್ಜಿ ಕೊಟ್ಟ ಪ್ರತಿಯೊಬ್ಬನೂ ಇನ್‌ಸ್ಪೆಕ್ಟರೇ. ಉತ್ತರ ಕೊಡೋದಕ್ಕೆ ಅವರಿಗೆ 30 ದಿನ. ಆದ್ದರಿಂದ:

1. ಪ್ರತಿ ಹಾಸ್ಟೆಲಿನಲ್ಲೂ ಐದು ಜನರ ಊಟ ಸಮಿತಿ ಮಾಡಿ. ದಿನಕ್ಕೆ ಎಷ್ಟು ಅಕ್ಕಿ, ಎಷ್ಟು ಬೇಳೆ ತೂಗಿ ಕೊಟ್ಟರು, ಎಷ್ಟು ಜನ ಉಂಡರು ಅಂತ ನಿಮ್ಮದೇ ಒಂದು ನೋಟ್‌ಬುಕ್ಕಿನಲ್ಲಿ ಬರೆಯಿರಿ. ತಾರೀಖು ತಪ್ಪಿಸಬೇಡಿ.

2. ಹಾಸ್ಟೆಲಿನ ದಾಸ್ತಾನು ಪುಸ್ತಕ, ಹಾಜರಿ ಪುಸ್ತಕ, ತಪಾಸಣೆ ಪುಸ್ತಕ ನೋಡಬೇಕು ಅಂತ ಅರ್ಜಿ ಹಾಕಿ. ಅಕ್ಕಿಯ ಮಾದರಿ ಕೇಳಿ. ನಿಮ್ಮ ನೋಟ್‌ಬುಕ್ಕಿನ ಪಕ್ಕದಲ್ಲಿಟ್ಟು ತಾಳೆ ನೋಡಿ.

3. ಜಿಲ್ಲಾ ಜಾಗೃತಿ ಸಮಿತಿಯ ಸದಸ್ಯರ ಪಟ್ಟಿ, ಕಳೆದ ಎರಡು ವರ್ಷದ ಸಭಾ ನಡವಳಿ ಕೇಳಿ. ಸಭೆ ನಡೆಯದಿದ್ದರೆ ನಡೆದಿಲ್ಲ ಅಂತ ಬರವಣಿಗೆಯಲ್ಲಿ ಪಡೆದು ಊರೂರಿನ ಗೋಡೆಗೆ ಅಂಟಿಸಿ.

4. ಒಬ್ಬರೇ ಅರ್ಜಿ ಹಾಕಬೇಡಿ. ಒಬ್ಬನ ಹೆಸರಿದ್ದರೆ ಅವನ ಸೀಟಿಗೆ, ಸ್ಕಾಲರ್‌ಶಿಪ್ಪಿಗೆ ಕೈ ಹಾಕ್ತಾರೆ. ಇಪ್ಪತ್ತು ಜನ ಇಪ್ಪತ್ತು ಅರ್ಜಿ ಹಾಕಿದರೆ ಯಾರ ಮೇಲೆ ಹಾಕ್ತಾರೆ?

5. ರಜೆಗೆ ಊರಿಗೆ ಹೋದಾಗ ಕೇರಿಯಲ್ಲಿ ನಡೆದ ಕೇಸುಗಳ ಸಾಕ್ಷಿಗಳ ಮನೆಗೆ ಹೋಗಿ. ಕೋರ್ಟಿಗೆ ಅವರ ಜೊತೆ ಹೋಗಿ, ವಾಪಸು ಅವರ ಜೊತೆ ಬಸ್ಸು ಇಳಿಯಿರಿ. ಕಂಬಾಲಪಲ್ಲಿಯಲ್ಲಿ ಯಾವ ಸರ್ಕಾರವೂ ಮಾಡದ ಕೆಲಸ ಇದು. ದುಡ್ಡು ಬೇಕಾಗಿಲ್ಲ, ಧೈರ್ಯ ಬೇಕು.

6. ನಮ್ಮವರೇ ಅಧಿಕಾರಿಯಾಗಿ ಬಂದರೂ ಇದೇ ಲೆಕ್ಕ ಕೇಳಿ. ಜಾತಿ ನೋಡಿ ರಿಯಾಯಿತಿ ಬೇಡ. ನಾಳೆ ನಿಮ್ಮಲ್ಲೇ ಒಬ್ಬರು ಆ ಕುರ್ಚಿಯಲ್ಲಿ ಕೂರ್ತೀರಿ. ಆಗ ನಿಮ್ಮ ತಮ್ಮಂದಿರು ನಿಮ್ಮನ್ನೂ ಕೇಳಲಿ.

ಹಸಿವಿನ ಲೆಕ್ಕ ಹಸಿದವನೇ ಬರೆಯಲಿ. ಗಾಯದ ಮಹಜರು ಗಾಯಗೊಂಡವನ ಮನೆಯಲ್ಲೇ ಆಗಲಿ. ಅಲ್ಲಿಯವರೆಗೆ ಯಾವ ಪುಸ್ತಕದಲ್ಲೂ 'ತೃಪ್ತಿಕರ' ಎಂಬ ಮಾತಿಗೆ ನಮ್ಮ ಒಪ್ಪಿಗೆ ಇಲ್ಲ.

ಕೇಳೋದು ಕಲಿಯೋಣ. ಬರೆದಿಡೋದು ಕಲಿಯೋಣ. ಒಟ್ಟಾಗಿ ನಿಲ್ಲೋಣ.

ಜೈ ಭೀಮ್.